ನಿಮಗಿದು ಗೊತ್ತೆ? ರಕ್ತದಲ್ಲೂ ಪ್ಲಾಸ್ಟಿಕ್!

ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಸಫಿಲ್‌ಗುಡ ಕೆರೆಯಿದೆ. ನಗರದ ನಡುವಿನ ಇಂಥ ಕೆರೆಗಳಿಗೆ ಮಳೆನೀರಿನ ಜೊತೆ ಹಾಲಿನ ಕವರ್, ಚಿಪ್ಸ್ ಪೊಟ್ಟಣ, ನೀರಿನ ಬಾಟಲಿಗಳೂ ಚರಂಡಿ ಹಿಡಿದು ಬಂದು ಸೇರುತ್ತವೆ.

ಪ್ಲಾಸ್ಟಿಕ್ ಎಲೆಯಂತೆ ಕೊಳೆಯುವುದಿಲ್ಲ. ಬಿಸಿಲಿಗೆ ಪೆಡಸಾಗಿ ಚೂರುಚೂರಾಗುತ್ತದೆ. 5 ಮಿಲಿಮೀಟರ್‌ಗಿಂತ ಚಿಕ್ಕ ಚೂರುಗಳೇ ಮೈಕ್ರೋಪ್ಲಾಸ್ಟಿಕ್. ಮೀನುಗಳು ಇವನ್ನು ಆಹಾರವೆಂದು ನುಂಗುತ್ತವೆ. ಮನುಷ್ಯರ ದೇಹವೂ ಇದಕ್ಕೆ ಹೊರತಲ್ಲ: 2022ರಲ್ಲಿ ನೆದರ್ಲೆಂಡ್ಸ್ ವಿಜ್ಞಾನಿಗಳು ಪರೀಕ್ಷಿಸಿದ 22 ಮಂದಿಯ ಪೈಕಿ 17 ಜನರ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳು ಪತ್ತೆಯಾದವು.

ಸುಟ್ಟರೆ? ಪಿವಿಸಿಯಂಥ ಪ್ಲಾಸ್ಟಿಕ್ ಬಯಲಲ್ಲಿ ಉರಿದಾಗ ಕ್ಯಾನ್ಸರ್ ತರಬಲ್ಲ ಡೈಆಕ್ಸಿನ್ ಹೊಮ್ಮುತ್ತದೆ.

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚಮಚ, ತಟ್ಟೆ, ಸ್ಟ್ರಾಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದೆ. 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಕ್ಕೂ ಅನುಮತಿಯಿಲ್ಲ. ತರಕಾರಿಗೆ ಹೊರಡುವಾಗ ಬಟ್ಟೆಚೀಲ ಮರೆಯಬೇಡಿ, ಮನೆಯ ಕಸವನ್ನು ಸುಡಬೇಡಿ.