ಒಂದು ಮನೆಯಲ್ಲಿ ಎರಡು ರೂಟರ್: ತಂತಿ ಇಂಟರ್‌ನೆಟ್ ನಿಂತರೆ ಏನು ಮಾಡಬೇಕು?



ಇಂದಿನ ಯುಗ ಕಂಪ್ಯೂಟರ್ ಯುಗ ಎಂದು ಎಲ್ಲರೂ ಹೇಳುತ್ತಾರೆ. ಈಗ ಪಹಣಿ, ಕರೆಂಟ್ ಬಿಲ್ಲು, ಎಸ್ಸೆಸ್ಸೆಲ್ಸಿ ಫಲಿತಾಂಶ, ಕಾಲೇಜಿನ ಸೀಟು ಎಲ್ಲವೂ ಇಂಟರ್‌ನೆಟ್ಟಿನಲ್ಲೇ. ಹಾಗಾಗಿ ನೆಟ್ ನಿಂತರೆ ಮನೆಯಲ್ಲಿ ನಲ್ಲಿ ನೀರು ನಿಂತ ಹಾಗೆ ಆಗುತ್ತದೆ. ಕೂಡಲೇ ಎಲ್ಲರೂ "ತಂತಿ ಹೋಗಿದೆ, ಹೊಸದು ತನ್ನಿ" ಅಂತಾರೆ. ಆದರೆ ಎಷ್ಟೋ ಸಲ ತಂತಿ ಸರಿಯಾಗೇ ಇರುತ್ತೆ. ತಪ್ಪು ಬೇರೆ ಎಲ್ಲೋ ಇರುತ್ತೆ. ಅದನ್ನು ದುಡ್ಡು ಖರ್ಚು ಮಾಡದೆ ಹುಡುಕುವುದು ಹೇಗೆ ಎಂದು ಈ ಲೇಖನದಲ್ಲಿ ಬರೆದಿದ್ದೇನೆ.

ಇಂಟರ್‌ನೆಟ್ ಮನೆಗೆ ಬರುವ ದಾರಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ನಮ್ಮ ಕೆಂಗೇರಿ, ಎಲ್ಲಿಗೆ ಹೋದರೂ ಮರಕ್ಕೂ ಕಂಬಕ್ಕೂ ನೇತುಬಿದ್ದ ಕಪ್ಪು ಕೇಬಲ್‌ಗಳನ್ನು ನೀವು ನೋಡಿರುತ್ತೀರಿ. ಅವುಗಳಲ್ಲಿ ಹಲವು ಫೈಬರ್ ಕೇಬಲ್‌ಗಳು. ಅದರೊಳಗೆ ತಾಮ್ರ ಇರೋದಿಲ್ಲ, ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರುತ್ತದೆ. ಅದರಲ್ಲಿ ಹರಿಯುವುದು ವಿದ್ಯುತ್ ಅಲ್ಲ, ಬೆಳಕು! ಆ ಬೆಳಕನ್ನು ಮನೆಯಲ್ಲಿರುವ ಮೊದಲನೇ ಪೆಟ್ಟಿಗೆ ವಿದ್ಯುತ್ ಸಂಕೇತವಾಗಿ ಬದಲಾಯಿಸುತ್ತದೆ. ಅಲ್ಲಿಂದ ಮುಂದೆ ತಾಮ್ರದ ತಂತಿ. ಇದಕ್ಕೆ ಲ್ಯಾನ್ ಕೇಬಲ್ ಎನ್ನುತ್ತಾರೆ.

ಲ್ಯಾನ್ ಕೇಬಲ್ಲಿನೊಳಗೆ 8 ಸಣ್ಣ ತಂತಿಗಳಿವೆ. ಎರಡೆರಡು ಹೆಣೆದುಕೊಂಡು 4 ಜೋಡಿ. ಜಡೆಯ ಹಾಗೆ ಹೆಣೆದಿರುವುದು ಚಂದಕ್ಕಲ್ಲ. ಹಾಗೆ ಹೆಣೆದರೆ ಹೊರಗಿನ ವಿದ್ಯುತ್ತಿನ ಗಲಾಟೆ ಸಂಕೇತಕ್ಕೆ ಕಡಿಮೆ ತಾಗುತ್ತದೆ. ಈ ಕೇಬಲ್ ಒಂದೇ ಎಳೆತಕ್ಕೆ 100 ಮೀಟರ್‌ಗಿಂತ ಉದ್ದ ಇರಬಾರದು.

ದೊಡ್ಡ ಮನೆಗೆ ಅಥವಾ ಮಹಡಿ ಮನೆಗೆ ಒಂದು ರೂಟರ್ ಸಾಲುವುದಿಲ್ಲ. ಕಾಂಕ್ರೀಟು ದಾಟುವಾಗ ವೈಫೈ ಸೊರಗಿ ಹೋಗುತ್ತದೆ. ಆಗ ಕೆಳಗೆ ಇನ್ನೊಂದು ರೂಟರ್ ಇಟ್ಟು ಎರಡಕ್ಕೂ ತಂತಿ ಎಳೆಯುತ್ತಾರೆ. ದಾರಿ ಹೀಗಾಗುತ್ತದೆ:

ಬೀದಿಯ ಕೇಬಲ್ → ಮೊದಲನೇ ರೂಟರ್ → ಉದ್ದ ತಂತಿ → ಎರಡನೇ ರೂಟರ್ → ಗಿಡ್ಡ ತಂತಿ → ಕಂಪ್ಯೂಟರ್

ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರ ನಿಮಗೆಲ್ಲಾ ಗೊತ್ತು. ಅದರ ಮೂಲ ಕಾಂಡ ರೋಗ ಬಂದು ಹೋಯಿತು. ಆದರೂ ಬಿಳಲುಗಳು ಬೇರು ಬಿಟ್ಟಿದ್ದರಿಂದ ಮರ ಬದುಕಿದೆ. ಹೊರಗಿನ ದೊಡ್ಡ ಇಂಟರ್‌ನೆಟ್ ಈ ಮರದ ಹಾಗೆ, ಒಂದು ದಾರಿ ಮುರಿದರೆ ಇನ್ನೊಂದು ದಾರಿಯಿಂದ ಹೋಗುತ್ತದೆ. ಆದರೆ ನಮ್ಮ ಮನೆಯೊಳಗಿನ ದಾರಿ ಒಂದೇ. ಮೇಲೆ ಬರೆದ ಸಾಲಿನಲ್ಲಿ ಒಂದು ಕೊಂಡಿ ಕಳಚಿದರೂ ಕಂಪ್ಯೂಟರಿಗೆ ಏನೂ ಬರೋದಿಲ್ಲ. ಆದ್ದರಿಂದ ಯಾವ ಕೊಂಡಿ ಕಳಚಿದೆ ಅಂತ ಪತ್ತೆ ಮಾಡುವುದೇ ನಮ್ಮ ಕೆಲಸ.

ರೋಲ್ ನಂಬರ್ ಕೊಡುವವರು ಯಾರು?

ನಮ್ಮ ತರಗತಿಯಲ್ಲಿ ಪ್ರತಿಯೊಬ್ಬರಿಗೂ ರೋಲ್ ನಂಬರ್ ಇದೆ. ಹಾಗೆಯೇ ಮನೆಯ ಪ್ರತಿ ಕಂಪ್ಯೂಟರಿಗೂ ಮೊಬೈಲಿಗೂ ಒಂದು ನಂಬರ್ ಬೇಕು. ಅದಕ್ಕೆ ಐಪಿ ವಿಳಾಸ ಎಂದು ಹೆಸರು. ಅದು 192.168.1.5 ಎಂಬ ರೀತಿ ಇರುತ್ತದೆ. ಈ ನಂಬರ್ ಹಂಚುವ ಕೆಲಸವನ್ನು ರೂಟರ್ ಮಾಡುತ್ತದೆ. ಆ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಜೊತೆಗೆ "ಹೊರಗೆ ಹೋಗಬೇಕಾದರೆ ಈ ಬಾಗಿಲಿನಿಂದ ಹೋಗು" ಎಂದು ಬಾಗಿಲಿನ ನಂಬರನ್ನೂ ಹೇಳಿಕೊಡುತ್ತದೆ. ಅದಕ್ಕೆ ಗೇಟ್‌ವೇ ಎಂದು ಹೆಸರು.

ಈಗ ಯೋಚನೆ ಮಾಡಿ. ಒಂದೇ ತರಗತಿಗೆ ಇಬ್ಬರು ಟೀಚರ್ ಬಂದು ಇಬ್ಬರೂ ರೋಲ್ ನಂಬರ್ ಕೊಟ್ಟರೆ ಏನಾಗುತ್ತೆ? ಹಾಜರಿ ಕೂಗುವಾಗ ಗಲಾಟೆಯೋ ಗಲಾಟೆ. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂದು ಗಾದೆಯೇ ಇದೆಯಲ್ಲ. ಎರಡು ರೂಟರ್ ಇರುವ ಮನೆಯ ಮುಖ್ಯ ತೊಂದರೆ ಇದೇ.

ಎರಡು ರೂಟರ್‌ಗಳನ್ನು ಜೋಡಿಸಲು ಎರಡು ಸರಿಯಾದ ವಿಧಾನಗಳಿವೆ.

ಮೊದಲನೇ ವಿಧಾನ: ಮೇಲಿನಿಂದ ಬಂದ ತಂತಿಯನ್ನು ಎರಡನೇ ರೂಟರಿನ ವ್ಯಾನ್ ಎಂಬ ತೂತಿಗೆ ಹಾಕುವುದು. (ವ್ಯಾನ್ ಅಂದರೆ ಮಕ್ಕಳನ್ನು ಕರ್ಕೊಂಡು ಬರೋ ವ್ಯಾನ್ ಅಲ್ಲ! ಹೊರಗಿನ ನೆಟ್ ಒಳಗೆ ಬರುವ ತೂತು.) ಆಗ ಎರಡನೇ ರೂಟರ್ ಬೇರೆ ತರಗತಿಯನ್ನೇ ನಡೆಸುತ್ತದೆ. ಮೊದಲನೆಯದು 192.168.1 ಎಂಬ ಸಾಲಿನಲ್ಲಿ ನಂಬರ್ ಕೊಟ್ಟರೆ ಎರಡನೆಯದು 192.168.2 ಎಂಬಂತೆ ಬೇರೆ ಸಾಲಿನಲ್ಲಿ ಕೊಡಬೇಕು. ಎರಡೂ ಒಂದೇ ಸಾಲು ಆದರೆ, ಯಾವುದು ಒಳಗೆ ಯಾವುದು ಹೊರಗೆ ಎಂದು ರೂಟರಿಗೆ ತಿಳಿಯುವುದಿಲ್ಲ.

ಎರಡನೇ ವಿಧಾನ: ತಂತಿಯನ್ನು ಲ್ಯಾನ್ ಎಂಬ ತೂತಿಗೆ ಹಾಕುವುದು. ಆಗ ಇಡೀ ಮನೆ ಒಂದೇ ತರಗತಿ. ಟೀಚರ್ ಒಬ್ಬರೇ ಇರಬೇಕು. ಅಂದರೆ ಎರಡನೇ ರೂಟರಿನ ಡಿಎಚ್‌ಸಿಪಿ ಆರಿಸಬೇಕು. ಅದರ ಸ್ವಂತ ನಂಬರನ್ನೂ 192.168.1.2 ಎಂಬಂತೆ, ಬೇರೆ ಯಾರಿಗೂ ಸಿಗದ ಹಾಗೆ ಬದಲಾಯಿಸಬೇಕು.

ನಮ್ಮ ಮನೆಯಲ್ಲಿ ನಡೆದದ್ದು

ಇದು ಬರೀ ಪುಸ್ತಕದ ಮಾತಲ್ಲ. ಕಳೆದ ವರ್ಷ ನಮ್ಮ ಅಕ್ಕ ಸಿಇಟಿ ಬರೆದಿದ್ದಳು. ಯಾವ ಕಾಲೇಜು ಬೇಕು ಅಂತ ಕ್ರಮವಾಗಿ ತುಂಬಲು ಕೊನೆಯ ದಿನ ಬಂದಿತ್ತು. ನಾವು ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇದ್ದೇವೆ. ಮೊದಲನೇ ರೂಟರ್ ಮೇಲೆ ಓನರ್ ಮನೆಯಲ್ಲಿದೆ. ಎರಡನೆಯದು ನಮ್ಮದು, ಮೇಲೆ ಹೇಳಿದ ಎರಡನೇ ವಿಧಾನದಲ್ಲಿ ಜೋಡಿಸಿದ್ದು. ಅಕ್ಕನ ಹಳೇ ಕಂಪ್ಯೂಟರಿಗೆ ವೈಫೈ ಇಲ್ಲ, ತಂತಿಯೇ ಗತಿ. ಅಮ್ಮನ ಮೊಬೈಲಿನ ಪ್ಯಾಕ್ ಮುಗಿದಿತ್ತು.

ಹಿಂದಿನ ದಿನ ಒಂದು ಅಂಗಡಿಯಿಂದ ರಿಪೇರಿಗೆ ಬಂದ ಅಣ್ಣ ನಮ್ಮ ರೂಟರ್ ನೋಡಿ ಹೋಗಿದ್ದ. ಮಾರನೇ ದಿನ ಓನರ್ ಮೊಬೈಲಿನಲ್ಲಿ ನೆಟ್ ಚೆನ್ನಾಗಿತ್ತು, ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇಲ್ಲ. ಫೋನ್ ಮಾಡಿದರೆ ಆ ಅಣ್ಣ "ತಂತಿ ಹೋಗಿದೆ, ಹೊಸದು ಎಳೀಬೇಕು, 1800 ರೂಪಾಯಿ ಆಗುತ್ತೆ" ಅಂದ. ಅಮ್ಮ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗ್ತಾರೆ. ಸಂಬಳಕ್ಕೆ ಇನ್ನೂ ಹತ್ತು ದಿನ ಇತ್ತು. ಅಮ್ಮ ಏನೂ ಮಾತಾಡಲಿಲ್ಲ, ಡಬ್ಬಿ ತೆಗೆದು ಚಿಲ್ಲರೆ ಎಣಿಸಿದರು.

ಅಕ್ಕ ಒಂದು ಹಾಳೆಯಲ್ಲಿ ದಾರಿಯ ಚಿತ್ರ ಬರೆದಳು. ನಾವಿಬ್ಬರೂ ಒಂದೊಂದೇ ಕೊಂಡಿ ನೋಡುತ್ತಾ ಬಂದೆವು. ತಂತಿ ಹಾಕಿದ ತೂತಿನ ದೀಪ ಮಿನುಗುತ್ತಿತ್ತು. ಅಂದರೆ ತಂತಿ ಪೂರ್ತಿ ಸತ್ತಿಲ್ಲ. ಆಮೇಲೆ ಮೇಲಿನಿಂದ ಬಂದ ತಂತಿಯನ್ನು ನಮ್ಮ ರೂಟರಿನಿಂದ ಬಿಚ್ಚಿ ನೇರ ಕಂಪ್ಯೂಟರಿಗೆ ಹಾಕಿದೆವು. ನೆಟ್ ಬಂತು! ಅಕ್ಕ ಅಲ್ಲೇ ಕೂತು ಮೊದಲು ಕಾಲೇಜುಗಳ ಪಟ್ಟಿ ತುಂಬಿ ಮುಗಿಸಿದಳು. ರಾತ್ರಿ ಹತ್ತು ಗಂಟೆ ಆಗಿತ್ತು.

ತಂತಿ ಸರಿ ಇದೆ ಅಂದಮೇಲೆ ತಪ್ಪು ನಮ್ಮ ರೂಟರಿನದೇ. ಮತ್ತೆ ರೂಟರಿಗೆ ಹಾಕಿ ಕಂಪ್ಯೂಟರಿನ ನಂಬರ್ ನೋಡಿದರೆ 192.168.0.100 ಎಂದಿತ್ತು. ನೇರ ಹಾಕಿದಾಗ 192.168.1 ಸಾಲಿನ ನಂಬರ್ ಇತ್ತು. ಮೂರನೇ ಅಂಕಿ 1 ಇರಬೇಕಾದ ಕಡೆ 0! ರಿಪೇರಿಯವನು ರೂಟರಿನ ಸಣ್ಣ ತೂತಿಗೆ ಪಿನ್ ಚುಚ್ಚಿದ್ದನಂತೆ, ಅಮ್ಮ ನೋಡಿದ್ದರು. ಹಾಗೆ ಚುಚ್ಚಿ ಒತ್ತಿ ಹಿಡಿದರೆ ರೂಟರ್ ಎಲ್ಲ ಮರೆತು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಹೋಗುತ್ತದೆ. ಅದರ ಡಿಎಚ್‌ಸಿಪಿ ಮತ್ತೆ ಶುರುವಾಗಿ, ಅದೂ ನಂಬರ್ ಹಂಚುತ್ತಿತ್ತು. ತಾನೇ ಬಾಗಿಲು ಎಂದು ಕಂಪ್ಯೂಟರಿಗೆ ಹೇಳಿತ್ತು. ಆದರೆ ಅದರ ವ್ಯಾನ್ ತೂತಿನಲ್ಲಿ ತಂತಿಯೇ ಇಲ್ಲ. ಬಾಗಿಲು ಇದೆ, ಬಾಗಿಲಾಚೆ ರಸ್ತೆ ಇಲ್ಲ! ಡಿಎಚ್‌ಸಿಪಿ ಆರಿಸಿ ನಂಬರ್ ಬದಲಾಯಿಸಿದ ಮೇಲೆ ಸರಿಹೋಯಿತು. ಖರ್ಚು ಸೊನ್ನೆ ರೂಪಾಯಿ.

ನೀವು ಹುಡುಕುವ ಕ್ರಮ

1. ಮೊದಲು ಮೊದಲನೇ ಪೆಟ್ಟಿಗೆ ನೋಡಿ. ಫೈಬರ್ ಪೆಟ್ಟಿಗೆಯಲ್ಲಿ ಲಾಸ್ ಎಂಬ ಕಡೆ ಕೆಂಪು ದೀಪ ಮಿನುಗುತ್ತಿದ್ದರೆ ಬೀದಿಯಿಂದ ಬೆಳಕೇ ಬರುತ್ತಿಲ್ಲ. ಆಗ ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ, ನೆಟ್ಟಿನವರಿಗೆ ಫೋನ್ ಮಾಡಿ.

2. ಎಲ್ಲವನ್ನೂ ಆರಿಸಿ ಕ್ರಮವಾಗಿ ಹಚ್ಚಿ. ಮೊದಲು ಮೊದಲನೇ ಪೆಟ್ಟಿಗೆ, ಎರಡು ಮೂರು ನಿಮಿಷ ಬಿಟ್ಟು ಎರಡನೇ ರೂಟರ್, ಕೊನೆಗೆ ಕಂಪ್ಯೂಟರ್. ಕರೆಂಟ್ ಹೋಗಿ ಬಂದಾಗಿನ ಎಷ್ಟೋ ತೊಂದರೆ ಇದರಿಂದಲೇ ಹೋಗುತ್ತದೆ.

3. ತಂತಿ ಹಾಕಿದ ತೂತಿನ ದೀಪ ನೋಡಿ. ದೀಪ ಇಲ್ಲದಿದ್ದರೆ ತುದಿಯನ್ನು ಟಿಕ್ ಎನ್ನುವವರೆಗೆ ಒತ್ತಿ. ಆಗಲೂ ಇಲ್ಲದಿದ್ದರೆ ಬೇರೆ ತೂತಿಗೆ ಹಾಕಿ. ಆಮೇಲೆ ಬೇರೆ ತಂತಿ ಹಾಕಿ ನೋಡಿ.

4. ಎರಡನೇ ರೂಟರನ್ನು ದಾಟಿಸಿ, ಉದ್ದ ತಂತಿಯನ್ನು ನೇರ ಕಂಪ್ಯೂಟರಿಗೆ ಹಾಕಿ. ನೆಟ್ ಬಂದರೆ ತಂತಿ ಸರಿ, ತಪ್ಪು ಎರಡನೇ ರೂಟರಿನದು ಅಥವಾ ಗಿಡ್ಡ ತಂತಿಯದು. ಬಾರದಿದ್ದರೆ ತಪ್ಪು ಅದಕ್ಕಿಂತ ಮುಂಚೆ ಇದೆ. ಈ ಒಂದೇ ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ.

5. ಕಂಪ್ಯೂಟರಿನ ನಂಬರ್ ನೋಡಿ. 169.254 ಎಂದು ಶುರುವಾಗಿದ್ದರೆ ಯಾವ ಟೀಚರೂ ನಂಬರ್ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಇಟ್ಟುಕೊಂಡಿದೆ ಎಂದರ್ಥ. ಬೇರೆ ಸಾಲಿನ ನಂಬರ್ ಇದ್ದರೆ ಇಬ್ಬರು ಟೀಚರ್ ಇದ್ದಾರೆಯೇ ನೋಡಿ.

6. ಪಿಂಗ್ ಮಾಡಿ. ಇದು "ಇದ್ದೀಯಾ?" ಎಂದು ಕೂಗುವುದು. "ಇದ್ದೇನೆ" ಎಂಬ ಉತ್ತರ ಎಲ್ಲಿಯವರೆಗೆ ಬರುತ್ತೋ ಅಲ್ಲಿಯವರೆಗೆ ದಾರಿ ಸರಿ. ಮೊದಲು ಎರಡನೇ ರೂಟರಿಗೆ, ಆಮೇಲೆ ಮೊದಲನೇ ರೂಟರಿಗೆ, ಆಮೇಲೆ 8.8.8.8 ಎಂಬ ಹೊರಗಿನ ನಂಬರಿಗೆ. 8.8.8.8 ಉತ್ತರ ಕೊಟ್ಟು, ವೆಬ್‌ಸೈಟ್ ಹೆಸರು ಹಾಕಿದರೆ ಮಾತ್ರ ತೆರೆಯದಿದ್ದರೆ, ಹೆಸರಿನಿಂದ ನಂಬರ್ ಹುಡುಕಿ ಕೊಡುವ ಡಿಎನ್ಎಸ್ ಎಂಬ ವ್ಯವಸ್ಥೆಯಲ್ಲಿ ತೊಂದರೆ ಇರಬಹುದು.

7. ನೆಟ್ ಇದೆ ಆದರೆ ಬಹಳ ನಿಧಾನ ಎಂದಾದರೆ ತಂತಿಯ ತುದಿ ನೋಡಿ. 100 ಎಂಬಿಪಿಎಸ್ ವೇಗಕ್ಕೆ 2 ಜೋಡಿ ಸಾಕು. 1000ದ ವೇಗಕ್ಕೆ 4 ಜೋಡಿಯೂ ಬೇಕು. ಇಲಿ ಒಂದು ಎಳೆ ಕಡಿದಿದ್ದರೂ ನೆಟ್ ಪೂರ್ತಿ ನಿಲ್ಲದೆ 100ಕ್ಕೆ ಇಳಿದು ಓಡುತ್ತಿರಬಹುದು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಹಾಳೆಯಲ್ಲಿ ಬರೆಯಿರಿ. ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗೋದೇ ಇಲ್ಲ. ವಿಜ್ಞಾನದ ಪ್ರಯೋಗದಲ್ಲೂ ನಮ್ಮ ಗುರುಗಳು ಹೇಳುವುದು ಇದನ್ನೇ.

ಮಾಡಬಾರದ್ದು

ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ಆರಿಸಿ ಹಚ್ಚುವುದೇ ಬೇರೆ, ಎಲ್ಲ ಅಳಿಸುವುದೇ ಬೇರೆ.

ಎರಡು ರೂಟರ್‌ಗಳ ಲ್ಯಾನ್ ತೂತುಗಳ ನಡುವೆ ಎರಡು ತಂತಿ ಹಾಕಬೇಡಿ. ಎರಡು ತಂತಿ ಹಾಕಿದರೆ ವೇಗ ಎರಡರಷ್ಟು ಆಗೋದಿಲ್ಲ. ಎಲ್ಲರಿಗೂ ಕೂಗಿ ಹೇಳುವ ಸಂದೇಶ ಚಕ್ರದ ಹಾಗೆ ಸುತ್ತುತ್ತಲೇ ಇದ್ದು ಇಡೀ ಮನೆಯ ನೆಟ್ ನಿಲ್ಲಬಹುದು.

ಗುಡುಗು ಸಿಡಿಲು ಶುರುವಾಗುವ ಮುಂಚೆಯೇ ಪ್ಲಗ್ಗನ್ನೂ, ಮನೆಯ ಹೊರಗಿನಿಂದ ಬಂದ ತಾಮ್ರದ ತಂತಿಯನ್ನೂ ಬಿಚ್ಚಿಡಿ. ಶುರುವಾದ ಮೇಲೆ ಮುಟ್ಟಬೇಡಿ. ಫೈಬರ್ ತುದಿಯೊಳಗೆ ಯಾವತ್ತೂ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣೋದಿಲ್ಲ, ಆದರೆ ಕಣ್ಣಿಗೆ ಅಪಾಯ. ಕಂಬ ಹತ್ತುವ ಕೆಲಸವಂತೂ ನಮ್ಮದಲ್ಲವೇ ಅಲ್ಲ.

ನಿಮಗಿದು ಗೊತ್ತೇ?

* ತಂತಿಯಲ್ಲಿ ಕಂಪ್ಯೂಟರ್‌ಗಳನ್ನು ಜೋಡಿಸುವ ಈಥರ್‌ನೆಟ್ ವಿಧಾನ 1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಅದನ್ನು ಮಾಡಿದವರು.

* ತಂತಿಗಳ ಚಕ್ರದಲ್ಲಿ ಸಂದೇಶ ಸುತ್ತದಂತೆ ತಡೆಯುವ ಉಪಾಯವನ್ನು 1985ರಲ್ಲಿ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ.

* ನಮ್ಮ ದೇಶದಲ್ಲಿ ಅರ್ನೆಟ್ ಎಂಬ ಜಾಲ 1986ರಲ್ಲಿ ಶುರುವಾಯಿತು. ಅದರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಗಲು ಶುರುವಾದದ್ದು 1995ರ ಆಗಸ್ಟ್ 15ರಂದು.

ಸ್ನೇಹಿತರೇ, ನೆಟ್ ನಿಂತಾಗ ಗಾಬರಿ ಬೀಳಬೇಡಿ, ಮೊದಲೇ ದುಡ್ಡೂ ಕೊಡಬೇಡಿ. ಒಂದು ಹಾಳೆ, ಒಂದು ಪೆನ್ಸಿಲ್ ತಗೊಂಡು ದಾರಿಯ ಚಿತ್ರ ಬರೆಯಿರಿ, ದೊಡ್ಡವರನ್ನು ಜೊತೆಗೆ ಕೂರಿಸಿಕೊಂಡು ಒಂದೊಂದೇ ಕೊಂಡಿ ನೋಡಿ. ನಿಮ್ಮ ಮನೆಯಲ್ಲೂ ಇಂಥ ತೊಂದರೆ ಆಗಿದ್ದರೆ, ಹೇಗೆ ಸರಿಮಾಡಿದಿರಿ ಎಂದು ಮುಂದಿನ ಸಂಚಿಕೆಗೆ ಬರೆದುಕೊಡಿ.

– 7ನೇ ತರಗತಿ, ವಿಜ್ಞಾನ ಬಳಗ