ರೈಲುದಾರಿಯ ಆದ್ಯ ಛಾಯಾಗ್ರಾಹಕರು

ಅಮೆರಿಕಾ ಸಂಯುಕ್ತ ಸಂಸ್ಥಾನದ ಪೂರ್ವಪಶ್ಚಿಮಗಳನ್ನು ಬೆಸೆದ ಮೊದಲ ರೈಲುಮಾರ್ಗವು 1869ನೆಯ ಇಸವಿ ಮೇ 10ರಂದು ಯೂಟಾ ಸೀಮೆಯ ಪ್ರೊಮಾಂಟರಿ ಎಂಬಲ್ಲಿ ಪೂರ್ಣಗೊಂಡಿತು. ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಸಂಸ್ಥೆಯೂ ಪೂರ್ವದಿಂದ ಯೂನಿಯನ್ ಪೆಸಿಫಿಕ್ ಸಂಸ್ಥೆಯೂ ಹಳಿಗಳನ್ನು ಹಾಸುತ್ತ ಬಂದು ಅಲ್ಲಿ ಕೂಡಿಕೊಂಡವು. ಆ ಮಹಾಕಾರ್ಯವನ್ನು ಇಂದಿಗೂ ನಮ್ಮ ಕಣ್ಣಿಗೆ ಕಟ್ಟಿಕೊಡುತ್ತಿರುವವರು ಮುಖ್ಯವಾಗಿ ಇಬ್ಬರು: ಪಶ್ಚಿಮದ ಪಾಳಿಯಲ್ಲಿ ಆಲ್ಫ್ರೆಡ್ ಹಾರ್ಟ್, ಪೂರ್ವದ ಪಾಳಿಯಲ್ಲಿ ಆಂಡ್ರ್ಯೂ ಜೋಸೆಫ್ ರಸೆಲ್. ಹಾರ್ಟನು ಮೂಲತಃ ಭಾವಚಿತ್ರಗಳನ್ನು ಬರೆಯುತ್ತಿದ್ದ ಕುಂಚಕಲಾವಿದ. ರಸೆಲನು ಅಮೆರಿಕಾದ ಅಂತರ್ಯುದ್ಧದಲ್ಲಿ ಸೇನೆಯ ರೈಲುವಿಭಾಗಕ್ಕೆ ಚಿತ್ರ ತೆಗೆದು ಪಳಗಿದವನು.

ಅಂದಿನ ಛಾಯಾಗ್ರಹಣವೆಂದರೆ ಗುಂಡಿಯನ್ನೊತ್ತಿ ಮುಗಿಸುವ ಕೆಲಸವಲ್ಲ. ಗಾಜಿನ ಫಲಕವನ್ನು ತೊಳೆದು, ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಸಿ, ಕತ್ತಲೆಯ ಡೇರೆಯೊಳಗೆ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಕ್ಯಾಮೆರಾದಲ್ಲಿಟ್ಟು ಬೆಳಕಿಗೆ ಒಡ್ಡಬೇಕು. ಮರುಕ್ಷಣವೇ ಡೇರೆಗೆ ಓಡಿ ಬಿಂಬವನ್ನು ಮೂಡಿಸಬೇಕು. ಒಣಗಿದರೆ ಶ್ರಮವೆಲ್ಲ ವ್ಯರ್ಥ. ರಸೆಲನು ಬಳಸಿದ ದೊಡ್ಡ ಫಲಕಗಳ ಅಳತೆ 10 ಅಂಗುಲಕ್ಕೆ 13 ಅಂಗುಲ. ಧೂಳಿನ ಬಯಲಿನಲ್ಲಿ, ಸಿಯೆರಾ ನೆವಾಡಾ ಪರ್ವತದ ಹಿಮದಲ್ಲಿ, ಈ ಗಾಜುಗಳನ್ನೂ ಸೀಸೆಗಳನ್ನೂ ಬಂಡಿಯ ಮೇಲೆ ಹೇರಿಕೊಂಡು ತಿರುಗಿದವರ ತಾಳ್ಮೆಯನ್ನು ವಾಚಕರು ಊಹಿಸಿಕೊಳ್ಳಬೇಕು.

ರಸೆಲನ ಪ್ರಸಿದ್ಧ ಚಿತ್ರದಲ್ಲಿ ಎರಡು ಎಂಜಿನುಗಳು ಮುಖಾಮುಖಿಯಾಗಿ ನಿಂತಿವೆ. ಎರಡು ಸಂಸ್ಥೆಗಳ ಮುಖ್ಯ ಎಂಜಿನಿಯರುಗಳಾದ ಮಾಂಟೇಗ್ ಮತ್ತು ಡಾಡ್ಜ್ ಕೈಕುಲುಕುತ್ತಿದ್ದಾರೆ. ಎಂಜಿನುಗಳ ಮೇಲೆ ಹತ್ತಿದವರು ಮದ್ಯದ ಸೀಸೆಗಳನ್ನು ಚಾಚಿದ್ದಾರೆ. ಆದರೆ ಪರ್ವತವನ್ನು ಕೊರೆದು ಸುರಂಗ ಮಾಡಿದ 10,000ಕ್ಕೂ ಮಿಕ್ಕ ಚೀನೀ ಕೂಲಿಕಾರರು ಆ ಗುಂಪಿನಲ್ಲಿ ಕಾಣುವುದಿಲ್ಲವೆಂದೇ ಹೇಳಬೇಕು. ಚಿತ್ರವು ಸುಳ್ಳಾಡಲಿಲ್ಲ, ನಿಜ. ಆದರೆ ಪೂರ್ಣಸತ್ಯವನ್ನೂ ಆಡಲಿಲ್ಲ. ಅದೇ ದಿನ ರಸೆಲನೇ ತೆಗೆದ ಇನ್ನೊಂದು ಚಿತ್ರದಲ್ಲಿ ಚೀನೀಯರು ಕೊನೆಯ ಹಳಿಯನ್ನು ಹಾಸುತ್ತಿರುವುದುಂಟು. ಜನಕ್ಕೆ ಅದು ಬೇಕಾಗಲಿಲ್ಲ. ಹಾರ್ಟನ ಒಂದು ಚಿತ್ರದಲ್ಲಿ ಎಂಟನೆಯ ಸುರಂಗದ ಬಾಯಲ್ಲಿ ಹೆಗಲಿಗೆ ಅಡ್ಡೆ ಹೊತ್ತು ಚಹಾ ತರುವ ಒಬ್ಬ ಚೀನೀಯನಿದ್ದಾನೆ. ನನಗೆ ಕೈಕುಲುಕುವ ಚಿತ್ರಕ್ಕಿಂತ ಇದೇ ಹೆಚ್ಚಿನದೆಂದು ತೋರುತ್ತದೆ.

ಚಿತ್ರ ತೆಗೆದವರ ಹೆಸರಿಗೂ ಮರೆವು ತಪ್ಪಲಿಲ್ಲ. ಹಾರ್ಟನು ತೆಗೆದ 364 ಜೋಡಿಚಿತ್ರಗಳ ಫಲಕಗಳು ಕಾರ್ಲ್‌ಟನ್ ವಾಟ್ಕಿನ್ಸ್ ಎಂಬ ಹೆಸರಾಂತ ಛಾಯಾಗ್ರಾಹಕನ ಕೈಸೇರಿ ಅವನ ಹೆಸರಿನಲ್ಲಿಯೇ ಪ್ರಕಟವಾದವು. ರಸೆಲನ ಫಲಕಗಳು ಊರೂರಿನಲ್ಲಿ ದೀಪಚಿತ್ರ ತೋರಿಸಿ ಉಪನ್ಯಾಸ ಮಾಡುತ್ತಿದ್ದ ಸೆಡ್ಜ್‌ವಿಕ್ ಎಂಬಾತನ ವಶವಾಗಿ, ಬಹುಕಾಲ ಅವನವೆಂದೇ ಎಣಿಸಲ್ಪಟ್ಟವು. ಓಲೆಗರಿಯನ್ನು ಪ್ರತಿಮಾಡಿದ ಲಿಪಿಕಾರನಾದರೂ ಗ್ರಂಥಾಂತ್ಯದಲ್ಲಿ ತನ್ನ ಹೆಸರನ್ನು ಬರೆದುಕೊಳ್ಳುವುದುಂಟು. ಇವರಿಗೆ ಅಷ್ಟೂ ದಕ್ಕಲಿಲ್ಲ. 1960ರ ದಶಕದಲ್ಲಿ ಸಂಶೋಧಕರು ರಸೆಲನ ಕರ್ತೃತ್ವವನ್ನು ಮರಳಿ ಸ್ಥಾಪಿಸಿದರು. ಅವನ 600ಕ್ಕೂ ಮಿಗಿಲಾದ ಗಾಜಿನ ಫಲಕಗಳು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿವೆ.

2014ನೆಯ ಇಸವಿ ಮೇ 10ರಂದು ಕಾರ್ಕಿ ಲೀ ಎಂಬ ಚೀನೀ ಮೂಲದ ಅಮೆರಿಕನ್ ಛಾಯಾಗ್ರಾಹಕನು ಆ ಕೂಲಿಕಾರರ ವಂಶಸ್ಥರೇ ಮೊದಲಾದ ಚೀನೀ ಮೂಲದವರನ್ನು ಪ್ರೊಮಾಂಟರಿಯಲ್ಲಿ ಅಂಥವೇ ಎರಡು ಎಂಜಿನುಗಳ ಮುಂದೆ ನಿಲ್ಲಿಸಿ, 145 ವರ್ಷಗಳ ತರುವಾಯ ಆ ಚಿತ್ರವನ್ನು ಮತ್ತೊಮ್ಮೆ ತೆಗೆದನು.