ಹಿಂದೆ ಬಿದ್ದವನ ಲೆಕ್ಕ

ಸೈಕಲ್ಲಿನಿಂದ ಬಿದ್ದವನಿಗೆ ಎರಡು ಪೆಟ್ಟುಗಳುಂಟು. ಮೊದಲನೆಯದು ನೆಲ ಕೊಡುವ ಪೆಟ್ಟು; ಎರಡನೆಯದು, ಮರಳಿ ಪಂದ್ಯಕ್ಕೆ ಇಳಿದ ದಿನ ಮನಸ್ಸಿಗೆ ತಗಲುವ ಪೆಟ್ಟು. ಎರಡನ್ನೂ ಉಂಡವರು ನಾವು.

ವಿಜಯಪುರ, ಬಾಗಲಕೋಟೆಗಳ ಸೀಮೆಯಲ್ಲಿ ಸೈಕಲ್ ಪಂದ್ಯದ ಮೇಲೆ ಜನಕ್ಕಿರುವ ಒಲವು ಬಲ್ಲವರಿಗೆ ಗೊತ್ತು. ನಾವಾದರೋ ಪಂದ್ಯದಿಂದ ಹೊಟ್ಟೆ ಹೊರೆಯುವವರಲ್ಲ. ದಿನದ ಕೆಲಸ ಮುಗಿಸಿ, ಸಂತೋಷಕ್ಕಾಗಿ ತುಳಿಯುವವರು. ಒಂದು ಬೆಳಗ್ಗೆ ತಿರುವಿನಲ್ಲಿ ಮರಳಿನ ಮೇಲೆ ಚಕ್ರ ಜಾರಿತು; ಕೊರಳ ಬುಡದಿಂದ ಹೆಗಲಿಗೆ ಹಾಯುವ ಎಲುಬು ಮುರಿಯಿತು. ಎರಡು ತಿಂಗಳು ಸೈಕಲ್ಲು ಗೋಡೆಗೆ ಒರಗಿ ನಿಂತಿತು. ವೈದ್ಯರು ಅಪ್ಪಣೆ ಕೊಟ್ಟ ಮರುವಾರವೇ ಹಟದಿಂದ 40 ಕಿಲೋಮೀಟರಿನ ಪಂದ್ಯಕ್ಕೆ ಹೋದೆವು. ಮೂರನೆಯ ಕಿಲೋಮೀಟರಿನಲ್ಲಿಯೇ ಗುಂಪು ನಮ್ಮನ್ನು ಬಿಟ್ಟು ಮುಂದೆ ಸಾಗಿತು. ಅವರು 65 ನಿಮಿಷಗಳಲ್ಲಿ ಗುರಿ ಮುಟ್ಟಿದರು. ನಾವು ಮುಟ್ಟಿದ್ದು ಮತ್ತೆ 12 ನಿಮಿಷಗಳ ಮೇಲೆ. ಹಿಂದೆ ಅದೇ ಗುಂಪಿನ ನಡುವೆ ಹಾಯಾಗಿ ಸಾಗುತ್ತಿದ್ದವರು ನಾವು! ಇನ್ನು ಸೈಕಲ್ಲನ್ನು ಮಾರಿಬಿಡುವುದೇ ಸರಿಯೆಂದು ಆ ರಾತ್ರಿ ನಿಶ್ಚಯಿಸಿದೆವು. ಮಾರುವ ಮೊದಲು ಒಂದು ಲೆಕ್ಕ ಮಾಡಿ ನೋಡಿದ್ದು ನಮ್ಮ ಭಾಗ್ಯ.

ಅಭ್ಯಾಸ ನಿಂತಾಗ ಶರೀರದಲ್ಲಿ ಏನಾಗುತ್ತದೆ? 1984ರಲ್ಲಿ ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು, ದೀರ್ಘ ಶ್ರಮಕ್ಕೆ ಪಳಗಿದ ಏಳು ಮಂದಿಯ ಅಭ್ಯಾಸವನ್ನು ನಿಲ್ಲಿಸಿ ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಶರೀರವು ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಮೊತ್ತ ಮೂರು ವಾರಗಳಲ್ಲಿ ಶೇಕಡ 7ರಷ್ಟು ಇಳಿಯಿತು. ಎಂಟು ವಾರಗಳಲ್ಲಿ ಶೇಕಡ 16ರಷ್ಟು ಇಳಿದು ಅಲ್ಲಿಗೆ ನಿಂತಿತು. ಒಂದೊಂದು ಮಿಡಿತದಲ್ಲಿ ಹೃದಯವು ಹೊರದೂಡುವ ರಕ್ತ ಕಡಿಮೆಯಾದದ್ದೇ ಮೊದಲ ಇಳಿತಕ್ಕೆ ಮುಖ್ಯ ಕಾರಣ. ಆದರೆ ವರ್ಷಗಳ ಅಭ್ಯಾಸದಿಂದ ಸ್ನಾಯುಗಳಲ್ಲಿ ಹಬ್ಬಿದ್ದ ಲೋಮನಾಳಗಳು ಮೂರು ತಿಂಗಳಾದರೂ ಅಳಿದಿರಲಿಲ್ಲ. ಕೆರೆಯ ನೀರು ಇಳಿದಿತ್ತು; ಕಾಲುವೆಗಳು ಮುಚ್ಚಿರಲಿಲ್ಲ.

ನಮ್ಮ ಶರೀರವೂ ಅಷ್ಟೇ ಕಳೆದುಕೊಂಡಿತೆಂದು ಭಾವಿಸೋಣ. ಶೇಕಡ 16 ಎಂದರೆ ಪಂದ್ಯದಲ್ಲಿ ಎಷ್ಟಾಯಿತು? ಇಲ್ಲಿ ಗಾಳಿಯ ನಿಯಮವನ್ನು ನೆನೆಯಬೇಕು. ಪಂದ್ಯದ ವೇಗದಲ್ಲಿ, ಸಮತಟ್ಟಾದ ದಾರಿಯ ಮೇಲೆ, ಸವಾರನ ಶ್ರಮದ ಬಹುಪಾಲನ್ನು ಗಾಳಿಯೇ ನುಂಗುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆಯೂ, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನದಂತೆಯೂ ಏರುತ್ತವೆ. ವೇಗ ಇಮ್ಮಡಿಯಾಗಬೇಕಾದರೆ ಸಾಮರ್ಥ್ಯ ಎಂಟು ಮಡಿಯಾಗಬೇಕು. ಮುಂದೆ ಹೋಗುವವನಿಗೆ ಕ್ರೂರವಾದ ಈ ನಿಯಮ ಹಿಂದೆ ಬಿದ್ದವನಿಗೆ ದಯಾಳು. ಸಾಮರ್ಥ್ಯ ಶೇಕಡ 16 ಇಳಿದರೂ ವೇಗ ಇಳಿಯುವುದು ಶೇಕಡ 6ಕ್ಕಿಂತ ಕಡಿಮೆ. 65 ನಿಮಿಷಗಳ ಪಂದ್ಯದಲ್ಲಿ ಸುಮಾರು 4 ನಿಮಿಷ ಮಾತ್ರ!

ಹಾಗಾದರೆ ಉಳಿದ 8 ನಿಮಿಷಗಳು ಎಲ್ಲಿ ಹೋದವು? ಗಾಳಿಗೆ. ಇನ್ನೊಬ್ಬನ ಚಕ್ರಕ್ಕೆ ಹತ್ತಿ ತುಳಿಯುವ ಸವಾರನಿಗೆ ಶ್ರಮದಲ್ಲಿ ಶೇಕಡ 30ರ ಆಸುಪಾಸಿನ ಉಳಿತಾಯವುಂಟು. ಆ ಮರೆ ತಪ್ಪಿದರೆ ಅದೇ ಸಾಮರ್ಥ್ಯಕ್ಕೆ ವೇಗ ಶೇಕಡ 11ರಷ್ಟು ಕುಗ್ಗುತ್ತದೆ. ಸುಮಾರು 8 ನಿಮಿಷಗಳ ನಷ್ಟ. ನಾವು ಸ್ವಲ್ಪ ನಿಧಾನವಾಗಿದ್ದೆವು, ಅಷ್ಟೆ; ಒಂಟಿಯಾದದ್ದು ಆ ಸ್ವಲ್ಪವನ್ನು ಮೂರು ಮಡಿ ಮಾಡಿ ತೋರಿಸಿತ್ತು. ಸೋಲು ಅಳೆಯುವ ಕೋಲಾಗಿರಲಿಲ್ಲ, ಭೂತಗನ್ನಡಿಯಾಗಿತ್ತು.

ಸೈಕಲ್ಲು ಉಳಿಯಿತು. ಮುಂದಿನ ಭಾನುವಾರದ ಅಭ್ಯಾಸದಲ್ಲಿ, ನಮಗಿಂತ ಬಹಳ ಕಿರಿಯನೊಬ್ಬ ತಿರುಗಿ ನೋಡಿ, "ಅಣ್ಣಾರ, ನನ್ನ ಹಿಂದನ ಬರ್ರಿ, ಗಾಳಿ ನಾ ತಡೀತೀನಿ" ಎಂದ. ಅವನ ಚಕ್ರಕ್ಕೂ ನಮ್ಮದಕ್ಕೂ ನಡುವೆ ಒಂದು ಮೊಳ. ಕಿವಿಯಲ್ಲಿ ಮೊರೆಯುತ್ತಿದ್ದ ಗಾಳಿ ಅಡಗಿ, ಸರಪಳಿಯ ಸದ್ದು ಮತ್ತೆ ಕೇಳಿಬಂತು. ಎರಡು ತಿಂಗಳಿಂದ ಮರೆತಿದ್ದ ಸುಖ ಇದೇ ಅಲ್ಲವೆ ಎನ್ನಿಸಿತು.

ಈ ಸುಖ ಬರಿಯ ಗಾಳಿಯದಲ್ಲ. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್, ಸೈಕಲ್ ಪಂದ್ಯಗಳ ದಾಖಲೆಗಳನ್ನು ಪರಿಶೀಲಿಸಿ, ಒಂಟಿ ಸವಾರನಿಗಿಂತ ಜೊತೆಯುಳ್ಳವನು ವೇಗವಾಗಿ ಹೋಗುವನೆಂದು ತೋರಿಸಿದನು. ಗಾಳಿಯ ಮಾತೇ ಇಲ್ಲದಂತೆ, ರಾಟೆಗೆ ದಾರ ಸುತ್ತುವ ಕೆಲಸವನ್ನು ಮಕ್ಕಳಿಗೆ ಕೊಟ್ಟು ನೋಡಿದನು; ಪಕ್ಕದಲ್ಲಿ ಸ್ಪರ್ಧಿಯಿದ್ದಾಗ ಹಲವರ ಕೈ ಚುರುಕಾಯಿತು. ಗೆಲ್ಲಲೇಬೇಕೆಂಬ ಉದ್ವೇಗಕ್ಕೆ ಸಿಕ್ಕಿದ ಕೆಲವರ ಕೈ ಮಾತ್ರ ತಡವರಿಸಿತು. ಮೊದಲ ಪಂದ್ಯದ ದಿನ ನಾವು ಈ ಎರಡನೆಯ ಪಂಗಡದಲ್ಲಿದ್ದೆವು.

ಈಗಲೂ ನಾವು ಗೆದ್ದಿಲ್ಲ. ಆದರೆ ಗುಂಪಿನ ಜೊತೆಯಲ್ಲೇ ಗುರಿ ಮುಟ್ಟುತ್ತೇವೆ. ಹಿಂದೆ ಬಿದ್ದ ತರುಣ ವಾಚಕರಿಗೆ ಕಡೆಯದಾಗಿ ಒಂದು ಸಂಗತಿ. ಹಿಂದಿನವನು ಮುಂದಿನವನಿಂದ ಕೇವಲ ಪಡೆಯುವವನೆಂದು ನಾವು ತಿಳಿದಿದ್ದೆವು. ಹಾಗಲ್ಲ. ಹಿಂದೆ ಹತ್ತಿ ಬರುವವನಿಂದ ಮುಂದಿನವನ ಬೆನ್ನಿನ ಸುಳಿಗಾಳಿ ತುಸು ಶಮನಗೊಂಡು, ಅವನಿಗೂ ಶೇಕಡ 2–3ರಷ್ಟು ಲಾಭವುಂಟು. ಎಲ್ಲರಿಗಿಂತ ಹಿಂದಿರುವವನು ಕೂಡ ಯಾರನ್ನೋ ಮುಂದಕ್ಕೆ ನೂಕುತ್ತಿರುತ್ತಾನೆ.